ಕಣಿವೆ ಕಾದರೆ ನಮಗೆ ಗಾಳಿ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ವಿಂಡ್‌ಸರ್ಫಿಂಗ್ ಮಾಡುವವರ ಬಾಯಲ್ಲಿ ಬೇಸಿಗೆಯಿಡೀ ಒಂದು ಮಾತು ಓಡಾಡುತ್ತಿರುತ್ತೆ: "ಇವತ್ತು ವ್ಯಾಲಿ ಚೆನ್ನಾಗಿ ಬೇಯಲಿ." ಹೇಳುವವರು ಯಾರೂ ಕೆಟ್ಟವರಲ್ಲ. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಹಲ್ಲಿನ ಡಾಕ್ಟರು, ಮಿಕ್ಕವರು ನನ್ನ ಹಾಗೆ ಮಧ್ಯಾಹ್ನ ಮೂರೂವರೆಗೆ ಕ್ಯಾಲೆಂಡರಿನಲ್ಲಿ 'ಫೋಕಸ್ ಟೈಮ್' ಅಂತ ಬ್ಲಾಕ್ ಹಾಕಿ, ಲ್ಯಾಪ್‌ಟಾಪ್ ಮುಚ್ಚಿ, ಫಾಸ್ಟರ್ ಸಿಟಿಯ ದಂಡೆಗೋ ಕಯೋಟಿ ಪಾಯಿಂಟಿಗೋ ಓಡಿ ಬಂದವರು. ಎಲ್ಲರ ಫೋನಿನಲ್ಲೂ ಎರಡು ಊರಿನ ಹವಾಮಾನ ಸೇವ್ ಆಗಿರುತ್ತೆ. ಒಂದು ನಮ್ಮದು. ಇನ್ನೊಂದು 140 ಕಿಲೋಮೀಟರ್ ಆಚೆಯ ಸ್ಯಾಕ್ರಮೆಂಟೋದ್ದು. ಅಲ್ಲಿ 38 ಡಿಗ್ರಿ ಅಂತ ತೋರಿಸಿದರೆ ಇಲ್ಲಿ ಮುಖ ಅರಳುತ್ತೆ.

ಬೇರೆಯವರ ಊರು ಬೇಯಲಿ ಅಂತ ಆಸೆಪಡೋದು ತಪ್ಪಾ? ಬೇಯಿಸುತ್ತಿರುವವರು ನಾವಲ್ಲ. ನಾವು ಆಸೆಪಟ್ಟರೂ ಪಡದಿದ್ದರೂ ಅಲ್ಲಿನ ಥರ್ಮಾಮೀಟರ್ ಒಂದು ಗೆರೆಯೂ ಅಲುಗಾಡಲ್ಲ. ಆದರೂ ಆ ಮಾತಿನಲ್ಲಿ ಏನೋ ಒಂದು ಚುಚ್ಚುತ್ತೆ. ಅದೇನು ಅಂತ ಹುಡುಕೋಣ ಅಂತ ಈ ಬರಹ.

ಮೊದಲು ಗಾಳಿಯ ಸಂಗತಿ. ಕ್ಯಾಲಿಫೋರ್ನಿಯಾದ ಕರಾವಳಿಗುಂಟ ಬೆಟ್ಟಸಾಲು ಇದೆ. ಅದರ ಹಿಂದೆ ಉತ್ತರ-ದಕ್ಷಿಣವಾಗಿ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಬಯಲೇ ಸೆಂಟ್ರಲ್ ವ್ಯಾಲಿ. ಇತ್ತ ಕಡಲಿನಲ್ಲಿ ವಾಯವ್ಯದಿಂದ ಬೀಸುವ ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತೆ. ಹಾಗಾಗಿ ನಡುಬೇಸಿಗೆಯಲ್ಲೂ ಗೋಲ್ಡನ್ ಗೇಟ್ ಹೊರಗಿನ ನೀರು 12-13 ಡಿಗ್ರಿಯ ಆಸುಪಾಸಿನಲ್ಲಿರುತ್ತೆ. ವೆಟ್‌ಸೂಟ್ ಇಲ್ಲದೆ ಇಳಿದರೆ ಹಲ್ಲು ಕಟಕಟ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈ ತಿಂಗಳ ಸಾಮಾನ್ಯ ಮಧ್ಯಾಹ್ನ 20 ಡಿಗ್ರಿ ಇದ್ದರೆ ಸ್ಯಾಕ್ರಮೆಂಟೋದಲ್ಲಿ 34. ನಮ್ಮೂರ ಕಡೆಯಿಂದ ಮೊದಲ ಸಲ ಬಂದವರು ಸ್ವೆಟರ್ ತರದೆ ಬಂದು ಸೇತುವೆಯ ಮೇಲೆ ಗಡಗಡ ನಡುಗುತ್ತಾ ಸೆಲ್ಫಿ ತೆಗೆದುಕೊಳ್ಳೋದು ಇಲ್ಲಿನ ಒಂದು ನಿತ್ಯದ ನೋಟ.

ವ್ಯಾಲಿಯ ನೆಲ ಕಾದಾಗ ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತೆ, ಒತ್ತಡ ಇಳಿಯುತ್ತೆ. ಕಡಲಿನ ಮೇಲೆ ಕೂತಿರುವ ತಣ್ಣಗಿನ ಭಾರದ ಗಾಳಿ ಅತ್ತ ಹೊರಡಬೇಕು. ಆದರೆ ಬೆಟ್ಟಸಾಲಿನಲ್ಲಿ ಸಮುದ್ರಮಟ್ಟದ ಕಿಂಡಿ ಇರುವುದು ಒಂದೇ, ಅದು ಗೋಲ್ಡನ್ ಗೇಟ್. ಇಕ್ಕಟ್ಟಾದ ಕಡೆ ಅದರ ಅಗಲ ಒಂದೂವರೆ ಕಿಲೋಮೀಟರ್ ಚಿಲ್ಲರೆ. ಇಡೀ ಕಣಿವೆ ಉಸಿರೆಳೆದುಕೊಳ್ಳೋದು ಬಹುಪಾಲು ಈ ಒಂದು ಮೂಗಿನ ಹೊಳ್ಳೆಯಿಂದ. ಮಧ್ಯಾಹ್ನದ ಹೊತ್ತಿಗೆ ಶುರುವಾಗಿ ನಾಲ್ಕು, ಐದರ ಸುಮಾರಿಗೆ ಜೋರಾಗುತ್ತೆ. ಒಳ್ಳೆಯ ದಿನ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್. ಹಾಯಿಯ ಮೇಲೆ ಬೀಳುವ ಬಲ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 10 ನಾಟ್ ಗಾಳಿ 20 ಆದರೆ ಎಳೆತ ಎರಡಲ್ಲ, ನಾಲ್ಕು ಪಟ್ಟು. ಅಲ್ಲಿಯವರೆಗೆ ನೀರನ್ನು ಸೀಳಿಕೊಂಡು ತೆವಳುತ್ತಿದ್ದ ಹಲಗೆ ಒಮ್ಮೆಲೇ ನೀರಿನ ಮೇಲೆದ್ದು ಜಾರತೊಡಗುತ್ತೆ. (ಅಮ್ಮನಿಗೆ ಈ ಆಟವನ್ನು ಫೋನಿನಲ್ಲಿ ವಿವರಿಸುವಾಗ 'ಹಾಯಿ ಕಟ್ಟಿದ ಮಣೆ' ಅಂದಿದ್ದೆ. "ಮಣೆ ಮೇಲೆ ಕೂತ್ಕೋತೀಯಾ?" ಅಂದಳು. "ಇಲ್ಲ, ನಿಂತ್ಕೋತೀನಿ" ಅಂದೆ. ಅಲ್ಲಿಗೆ ವಿಷಯ ಬದಲಾಯಿತು.)

ಹಾಗಾಗಿ ನಮ್ಮಲ್ಲಿ ಪಳಗಿದವರು ಗಾಳಿಯ ಮುನ್ಸೂಚನೆಗಿಂತ ಮೊದಲು ನೋಡೋದು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಸ್ಯಾಕ್ರಮೆಂಟೋ ನಡುವಿನ ಒತ್ತಡದ ವ್ಯತ್ಯಾಸವನ್ನ. ಕೇವಲ ಮೂರು ನಾಲ್ಕು ಮಿಲಿಬಾರ್ ಇದ್ದರೆ ಸಾಕು. ಗಾಳಿ ಅನ್ನೋದು ಒಂದು ವಸ್ತುವಲ್ಲ, ಎರಡು ಊರುಗಳ ನಡುವಿನ ಅಸಮಾನತೆ. ನಾವು ಸವಾರಿ ಮಾಡೋದು ಅದರ ಮೇಲೆ.

ನನ್ನ ದೊಡ್ಡಮ್ಮನ ಮಗಳು ಆ ಇನ್ನೊಂದು ತುದಿಯಲ್ಲಿದ್ದಾಳೆ. ಸ್ಟಾಕ್‌ಟನ್‌ನಲ್ಲಿ ಮನೆ, ಆಸ್ಪತ್ರೆಯೊಂದರ ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ಭಾವ ಅಲ್ಲೇ ಹತ್ತಿರ ಹಣ್ಣು-ತರಕಾರಿ ಪ್ಯಾಕ್ ಮಾಡುವ ಒಂದು ಘಟಕದಲ್ಲಿ ಮೆಷೀನ್‌ಗಳ ಉಸ್ತುವಾರಿ ನೋಡಿಕೊಳ್ತಾರೆ. ಹಿಂದೊಮ್ಮೆ ಅವರ ಮನೆಗೆ ಊಟಕ್ಕೆ ಹೋದಾಗ ಈ ಗಾಳಿಯ ಶಾಸ್ತ್ರವನ್ನೆಲ್ಲ ಪೇಪರ್ ನ್ಯಾಪ್‌ಕಿನ್ ಮೇಲೆ ಬಾಣದ ಗುರುತು ಹಾಕಿ ವಿವರಿಸಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ನಿಮ್ಮ ಒಲೆಗೆ ನಾವಿಲ್ಲಿ ಸೌದೆ ಅನ್ನು" ಅಂದಳು. ಭಾವ ನಕ್ಕರು. ಅವಳೂ ನಕ್ಕಳು. ಆಮೇಲೆ ಸಾರು ಬಡಿಸುತ್ತಾ, ಬಿಸಿಲು ಏರಿದ ದಿನ ತನ್ನ ವಾರ್ಡಿಗೆ ಎಂಥವರು ಬರ್ತಾರೆ ಅಂತ ಹೇಳಿದಳು. ಟೊಮೆಟೊ ಹೊಲದಿಂದ ನೇರ ಬಂದವರು. ಮೈ ಮುಟ್ಟಿದರೆ ಕಾವಲಿ ಹಾಗಿರುತ್ತೆ ಕಣೋ, ಆದರೆ ಬೆವರು ನಿಂತು ಹೋಗಿರುತ್ತೆ, ಬೆವರು ನಿಂತ ಮೇಲೆ ನಮಗೆ ಹೆಚ್ಚು ಟೈಮ್ ಇರಲ್ಲ.

ಬಾದಾಮಿ, ಟೊಮೆಟೊ, ದ್ರಾಕ್ಷಿ ಎಲ್ಲ ಬೆಳೆಯೋದು ಆ ಕಣಿವೆಯಲ್ಲೇ. ಬೆಂಗಳೂರಿನ ಅಂಗಡಿಯಲ್ಲಿ 'ಕ್ಯಾಲಿಫೋರ್ನಿಯಾ ಬಾದಾಮಿ' ಅಂತ ಬರೆದಿರುತ್ತಲ್ಲ, ಅದು ಬರೋದು ಅಲ್ಲಿಂದ. ಕೊಯ್ಲು ಶುರುವಾಗೋದು ಆಗಸ್ಟಿನಲ್ಲಿ. 2005ರ ಬೇಸಿಗೆಯಲ್ಲಿ ಹೊಲಗಳಲ್ಲಿ ಕೂಲಿಯವರು ಸತ್ತ ಮೇಲೆ ಕ್ಯಾಲಿಫೋರ್ನಿಯಾ ಬಿಸಿಲಿನ ಕೆಲಸಕ್ಕೊಂದು ನಿಯಮ ತಂದಿತು. ತಾಪ 80 ಫ್ಯಾರನ್‌ಹೀಟ್ ದಾಟಿದರೆ ಮಾಲೀಕ ನೆರಳು ಕೊಡಬೇಕು. 95 ಮುಟ್ಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ 35 ಡಿಗ್ರಿ, ಹೊಲದ ಕೂಲಿಯವರಿಗೆ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ ಕಡ್ಡಾಯ. ಯಾರಾದರೂ ತೊದಲುತ್ತಿದ್ದಾರಾ, ತೂರಾಡುತ್ತಿದ್ದಾರಾ ಅಂತ ಗಮನಿಸ್ತಾ ಇರಬೇಕು. ಆ ಕಾನೂನಿನ ಕಾಳಜಿ ಶುರುವಾಗುವ ಅಂಕಿ ಮತ್ತು ದಂಡೆಯಲ್ಲಿ ನಮ್ಮ ಖುಷಿ ಶುರುವಾಗುವ ಅಂಕಿ ಹೆಚ್ಚುಕಮ್ಮಿ ಒಂದೇ. ಚುಚ್ಚುತ್ತಿದ್ದದ್ದು ಇದು ಅಂತ ನನಗನ್ನಿಸುತ್ತೆ.

ಕನ್ನಡದಲ್ಲಿ ಇದಕ್ಕೆ ಒಂದು ಬೈಗುಳದಂಥ ಗಾದೆ ಇದೆ: ಹತ್ತಿ ಉರಿಯೋ ಮನೆಯಲ್ಲಿ ಗಳ ಹಿರಿಯೋದು. ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತು ತರುವ ಬದಲು ಸೂರಿನ ಬಿದಿರುಗಳ ಎಳೆದುಕೊಂಡು ಹೋಗುವವನ ಬಗ್ಗೆ ಹೇಳಿದ್ದು. ವ್ಯಾಲಿ ಬೇಯಲಿ ಅನ್ನುವ ನಾವು ಅವನ ಸಂತಾನವೇ?

ಒಂದು ಹಳೆಯ ಮೊಕದ್ದಮೆ ನೆನಪಾಗುತ್ತೆ. ಅಥೆನ್ಸ್‌ನಲ್ಲಿ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ದೆಮಾದೆಸ್ ಅನ್ನೋ ರಾಜಕಾರಣಿ ಇದ್ದ. ಶವಸಂಸ್ಕಾರದ ಸಾಮಾನು ಮಾರುವ ಒಬ್ಬ ವ್ಯಾಪಾರಿಗೆ ಅವನು ಶಿಕ್ಷೆ ಕೊಡಿಸಿದನಂತೆ. ಆರೋಪ ಏನು? ಇವನು ದೊಡ್ಡ ಲಾಭಕ್ಕೆ ಆಸೆಪಟ್ಟ. ಬಹಳ ಜನ ಸಾಯದೆ ಆ ಲಾಭ ಬರಲು ಸಾಧ್ಯವಿಲ್ಲ. ಆದ್ದರಿಂದ ಇವನು ಊರಿನವರ ಸಾವಿಗೆ ಹಾರೈಸಿದ. ರೋಮಿನ ಸೆನೆಕ ಉಪಕಾರದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕತೆ ಬರುತ್ತೆ. ಅವನ ತಕರಾರು ಚೆನ್ನಾಗಿದೆ. ವ್ಯಾಪಾರಿ ಬಯಸಿದ್ದು ಹೆಚ್ಚು ಮಾರಾಟವನ್ನೋ ಹೆಚ್ಚು ಬೆಲೆಯನ್ನೋ ನಿನಗೇನು ಗೊತ್ತು? ಆಸೆಗೇ ಶಿಕ್ಷೆ ಅಂದರೆ ಯುದ್ಧ ಬಯಸುವ ಸೈನಿಕ, ಧಾನ್ಯದ ಬೆಲೆ ಏರಲಿ ಅನ್ನುವ ರೈತ, ಜ್ವರದ ಕಾಲ ಬಂದರೆ ಸಂಪಾದಿಸುವ ವೈದ್ಯ, ಇವರನ್ನೆಲ್ಲ ಏನು ಮಾಡ್ತೀಯ? ಹದಿನೈದು ಶತಮಾನಗಳ ಮೇಲೆ ಫ್ರಾನ್ಸಿನ ಮಾಂಟೇನ್ ಅದೇ ಕತೆ ಎತ್ತಿಕೊಂಡು ಒಂದು ಪುಟ್ಟ ಪ್ರಬಂಧ ಬರೆದ. ಒಬ್ಬನ ನಷ್ಟವಿಲ್ಲದೆ ಇನ್ನೊಬ್ಬನ ಲಾಭ ಇಲ್ಲವೇ ಇಲ್ಲ, ಪ್ರಕೃತಿಯ ರೀತಿಯೇ ಅದು ಅನ್ನೋದು ಅವನ ವಾದದ ಸಾರ.

ಮಾಂಟೇನ್ ನನಗೆ ಇಷ್ಟ. ಆದರೆ ಇಲ್ಲಿ ಅವನು ಸುಲಭದ ದಾರಿ ಹಿಡಿದ ಅನ್ನಿಸುತ್ತೆ. 'ಎಲ್ಲರೂ ಹೀಗೇ' ಅನ್ನೋದು ಉತ್ತರವಲ್ಲ, ಆಫೀಸಿನ ಮೀಟಿಂಗ್‌ನಲ್ಲಿ ಕಷ್ಟದ ವಿಷಯ ಬಂದಾಗ ಹೇಳುವ 'ಇಂಡಸ್ಟ್ರಿ ಸ್ಟ್ಯಾಂಡರ್ಡ್' ಇದ್ದ ಹಾಗೆ.

ನಾನಾದರೆ ಎರಡು ಪ್ರಶ್ನೆ ಕೇಳ್ತೀನಿ. ಆ ಕೆಟ್ಟದ್ದು ಇಲ್ಲದೆಯೇ ನಿನ್ನ ಒಳ್ಳೆಯದು ಸಿಕ್ಕರೆ ನಿನಗೆ ಅಷ್ಟೇ ಸಂತೋಷವಾ? ಇದಕ್ಕೆ ನಾವು ನಿಸ್ಸಂಕೋಚವಾಗಿ ಹೌದು ಅನ್ನಬಹುದು. ಏಪ್ರಿಲ್‌ನಲ್ಲಿ ಉತ್ತರದಿಂದ ತಂಪು ಹವೆ ದಾಟಿ ಹೋದ ಮಾರನೆಯ ದಿನ ಯಾವ ಊರೂ ಬೇಯದೆ ಒಳ್ಳೆ ಗಾಳಿ ಬೀಸುತ್ತೆ, ಅವತ್ತು ದಂಡೆಯಲ್ಲಿ ಯಾರೂ 'ಛೆ, ವ್ಯಾಲಿ ತಂಪಾಗಿದೆಯಲ್ಲ' ಅಂತ ಕೊರಗಲ್ಲ. ಸೆಕೆ ನಮಗೆ ಬೇಕಾದ ವಸ್ತುವಲ್ಲ. ಗಳ ಹಿರಿಯುವವನಿಗೂ ನಮಗೂ ಇನ್ನೊಂದು ವ್ಯತ್ಯಾಸ ಇದೆ. ಅವನು ಎಳೆದ ಗಳ ಆ ಮನೆಯವನ ಪಾಲಿಗೆ ಹೋಯಿತು. ನಮ್ಮ ಹಾಯಿ ದಾಟಿದ ಗಾಳಿ ಅಲ್ಲಿಗೆ ನಿಲ್ಲಲ್ಲ, ಕಾರ್ಕೀನೆಸ್ ಜಲಸಂಧಿ ದಾಟಿ, ನದಿಗಳು ಕೂಡುವ ಡೆಲ್ಟಾದ ಮೇಲೆ ಹಾದು ಸಂಜೆಗೋ ರಾತ್ರಿಗೋ ಸ್ಯಾಕ್ರಮೆಂಟೋ, ಸ್ಟಾಕ್‌ಟನ್ ತಲುಪುತ್ತೆ. ಅಲ್ಲಿನವರು ಅದಕ್ಕೆ 'ಡೆಲ್ಟಾ ಬ್ರೀಜ್' ಅಂತಾರೆ. ಅದು ಬಂದರೆ ರಾತ್ರಿ ಎಸಿ ಆರಿಸಿ ಕಿಟಕಿ ತೆಗೆಯಬಹುದು. ಕಣಿವೆಗೆ ಹೋಗುವ ತಂಗಾಳಿಯ ಮೇಲೆ ನಾವು ನಡುದಾರಿಯಲ್ಲಿ ಹತ್ತಿ ಇಳಿಯುವವರು. ಆಲ್ಟಮಾಂಟ್ ಪಾಸ್‌ನಲ್ಲಿ 1980ರ ದಶಕದಿಂದ ತಿರುಗುತ್ತಿರುವ ಗಾಳಿಯಂತ್ರಗಳೂ ಇದನ್ನೇ ಮಾಡ್ತಿರೋದು.

ಹಾಗಂತ ಇಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಟೊಮೆಟೊ ಹೊಲದಲ್ಲಿದ್ದವರಿಗೆ ರಾತ್ರಿ ಒಂಬತ್ತರ ತಂಗಾಳಿ ಮಧ್ಯಾಹ್ನ ಎರಡರ ಬಿಸಿಲಿಗೆ ಲೆಕ್ಕ ಆಗಲ್ಲ.

ನಮ್ಮ ನಾಡಿನ ಜೊತೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತೆ. ನೆಲ ಕಾಯೋದು, ಕಡಲ ಗಾಳಿ ನುಗ್ಗೋದು, ಇದರ ದೊಡ್ಡಣ್ಣನೇ ಮುಂಗಾರು. ಎಡ್ಮಂಡ್ ಹ್ಯಾಲಿ 1686ರಲ್ಲೇ ಮಾನ್ಸೂನನ್ನು ಹೆಚ್ಚುಕಮ್ಮಿ ಹೀಗೆ ವಿವರಿಸಿದ. ಕತೆ ಅಷ್ಟು ಸರಳ ಅಲ್ಲ ಅಂತ ಈಗಿನ ವಿಜ್ಞಾನ ಹೇಳಿದರೂ ಮೂಲದಲ್ಲಿ ಅದೇ ಕಾವು, ಅದೇ ಸೆಳೆತ. ಏಪ್ರಿಲ್‌ನಲ್ಲಿ ಚಿತ್ರದುರ್ಗದ ಕಡೆ ರೈತರು "ಬಿಸ್ಲು ಚೆನ್ನಾಗಿ ಕಾಯ್ಲಿ ಬಿಡಿ, ಮಳೆ ಚೆನ್ನಾಗಾಗುತ್ತೆ" ಅನ್ನೋದನ್ನ ಕೇಳಿದ್ದೀರಲ್ಲ? ಅದೂ ಸೆಕೆಗೆ ಹಾರೈಸುವ ಮಾತೇ. ಆದರೆ ಯಾರಿಗೂ ಅದು ಚುಚ್ಚಲ್ಲ. ಕಾರಣ, ಆ ಬಿಸಿಲು ಬೀಳೋದು ಹಾಗನ್ನುವವರ ತಲೆಯ ಮೇಲೆಯೇ. ಬೇಯುವವರೂ ಅವರೇ, ನೆನೆಯುವವರೂ ಅವರೇ. ನಮ್ಮ ಕೊಲ್ಲಿಯ ದಂಡೆಯಲ್ಲಿ ಈ ಲೆಕ್ಕ ಎರಡು ಪುಸ್ತಕಗಳಾಗಿ ಒಡೆದಿದೆ. ಖರ್ಚಿನದು ಅಲ್ಲಿ, ಜಮಾದು ಇಲ್ಲಿ. ನಡುವೆ 140 ಕಿಲೋಮೀಟರ್ ಮತ್ತು ಸಂಬಳದಲ್ಲಿ ಅದಕ್ಕಿಂತ ದೊಡ್ಡ ಅಂತರ.

ಎರಡನೆಯ ಪ್ರಶ್ನೆ ಈ ಒಡಕಿಗೆ ಸಂಬಂಧಪಟ್ಟದ್ದು. ಆ ಸೆಕೆ ಇಳಿಸುವ ಗುಂಡಿ ನಿನ್ನ ಕೈಯಲ್ಲಿದ್ದು, ಒತ್ತಿದರೆ ನಿನ್ನ ಗಾಳಿ ಹೋಗುತ್ತೆ ಅಂದರೆ, ಒತ್ತುತ್ತೀಯಾ?

ಬಹಳ ಕಾಲ ಇದು ಬರೀ ಕಲ್ಪನೆಯ ಪ್ರಶ್ನೆಯಾಗಿತ್ತು. ಬಿಸಿಲು ದೇವರ ಕೆಲಸ ಅಂತ ಬಿಟ್ಟುಬಿಡಬಹುದಿತ್ತು. ಈಚಿನ ಬೇಸಿಗೆಗಳು ಆ ಸೌಲಭ್ಯ ಕಿತ್ತುಕೊಂಡಿವೆ.

2017ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲೇ 106 ಫ್ಯಾರನ್‌ಹೀಟ್, 41 ಡಿಗ್ರಿ ದಾಖಲಾಯಿತು. ಆ ಊರಿನ ಇತಿಹಾಸದಲ್ಲೇ ಹೆಚ್ಚು. ದಂಡೆಯ ಹಳೆಯ ತರ್ಕದ ಪ್ರಕಾರ ಅಷ್ಟು ಸೆಕೆ ಅಂದರೆ ಗಾಳಿ ಕಿತ್ತುಕೊಂಡು ಬರಬೇಕು. ಆದರೆ ಗಾಳಿಗೆ ಬೇಕಾದದ್ದು ಸೆಕೆಯಲ್ಲ, ವ್ಯತ್ಯಾಸ. ಒಳನಾಡಿನ ಮೇಲೆ ಅಧಿಕ ಒತ್ತಡದ ಗುಮ್ಮಟ ಕೂತಾಗ ಮೇಲಿನ ಗಾಳಿ ಕೆಳಗಿಳಿಯುತ್ತಾ ಒತ್ತಿ ಒತ್ತಿ ಕಾಯುತ್ತೆ, ನೆಲದಿಂದ ಕಡಲ ಕಡೆಗೆ ಬೀಸುತ್ತೆ, ಕಡಲ ತಂಪಿನ ಪದರವನ್ನು ದಡದಿಂದಾಚೆ ದಬ್ಬುತ್ತೆ. ಆಗ ವ್ಯಾಲಿಯೂ ಬೇಯುತ್ತೆ, ನಾವೂ ಬೇಯ್ತೀವಿ, ಕೊಲ್ಲಿಯ ನೀರು ಎಣ್ಣೆ ಸವರಿದ ಹಾಗೆ ನಿಶ್ಚಲ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಎಸಿಯೇ ಇಲ್ಲ, ಬೇಕಾಗಿಯೇ ಇರಲಿಲ್ಲ. ಆ ಮೂರ್ನಾಲ್ಕು ದಿನಗಳಲ್ಲಿ ವಯಸ್ಸಾದವರು ಕೆಲವರು ತೀರಿಕೊಂಡರು.

2020ರ ಆಗಸ್ಟ್ ಮಧ್ಯದಲ್ಲಿ ಬಿಸಿಲಿನ ಅಲೆಯ ನಡುವೆ ಮಳೆಯಿಲ್ಲದ ಸಿಡಿಲು. ಎಲ್ಲೋ ದಕ್ಷಿಣದಲ್ಲಿ ಅಳಿದ ಚಂಡಮಾರುತವೊಂದರ ತೇವ ಬಂದು ರಾಜ್ಯದ ಉತ್ತರಭಾಗದ ಮೇಲೆ ಸಾವಿರಾರು ಮಿಂಚು ಎಸೆಯಿತು, ಕಾಡುಗಳು ಹೊತ್ತಿಕೊಂಡವು. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಸುಟ್ಟದ್ದು 40 ಲಕ್ಷ ಎಕರೆಗೂ ಮೀರಿ. ಸೆಪ್ಟೆಂಬರ್ 9ರ ಬೆಳಿಗ್ಗೆ ಆಕಾಶ ಕಿತ್ತಳೆ ಬಣ್ಣವಾಗಿತ್ತು, ಹತ್ತು ಗಂಟೆಗೂ ಬೀದಿದೀಪ ಉರಿಯುತ್ತಿತ್ತು. ಆ ದಿನದ ಒಂದು ವಿಚಿತ್ರವನ್ನು ಜನ ಮರೆತಿದ್ದಾರೆ. ಹೊಗೆ ಅಷ್ಟು ದಟ್ಟವಾಗಿದ್ದರೂ ಸ್ಯಾನ್ ಫ್ರಾನ್ಸಿಸ್ಕೋದ ನೆಲಮಟ್ಟದ ಗಾಳಿ ಅವತ್ತು ಅಷ್ಟೊಂದು ಕೆಟ್ಟಿರಲಿಲ್ಲ, ಯಾಕೆಂದರೆ ಕೆಳಗೆ ಕಡಲಿನ ತಂಪು ಪದರ ಇತ್ತು, ಹೊಗೆ ಅದರ ಮೇಲೆ ತೇಲುತ್ತಿತ್ತು. ನಾವು ಆಟಕ್ಕೆ ಬಳಸುವ ಅದೇ ಗಾಳಿ ಅವತ್ತು ಚಾವಣಿ ಹಾಗೆ ಹೊಗೆಯನ್ನು ಎತ್ತಿ ಹಿಡಿದಿತ್ತು. ಮುಂದಿನ ದಿನಗಳಲ್ಲಿ ಹೊಗೆ ಕೆಳಗಿಳಿಯಿತು.

2022ರ ಸೆಪ್ಟೆಂಬರ್ 6ಕ್ಕೆ ಸ್ಯಾಕ್ರಮೆಂಟೋ 116 ಫ್ಯಾರನ್‌ಹೀಟ್ ಮುಟ್ಟಿತು. ಸೆಲ್ಸಿಯಸ್‌ನಲ್ಲಿ 46ರ ಮೇಲೆ. ಅದೂ ಆ ಊರಿನ ದಾಖಲೆ. ಅವತ್ತು ಸಂಜೆ ರಾಜ್ಯದ ವಿದ್ಯುತ್ ಬೇಡಿಕೆ 52,000 ಮೆಗಾವಾಟ್ ದಾಟಿ, ಇನ್ನೇನು ಊರೂರಿಗೆ ಕರೆಂಟ್ ತೆಗೆಯಬೇಕು ಅನ್ನುವ ಹೊತ್ತಿಗೆ ಆರು ಗಂಟೆಗೆ ಸ್ವಲ್ಪ ಮುಂಚೆ ಲಕ್ಷಾಂತರ ಫೋನುಗಳು ಒಟ್ಟಿಗೆ ಕಿರುಚಿದವು: ಬೇಡದ ವಿದ್ಯುತ್ ಉಪಕರಣ ಆರಿಸಿ ಅಂತ ಸರ್ಕಾರದ ಸಂದೇಶ. ಕೆಲವೇ ನಿಮಿಷಗಳಲ್ಲಿ ಬೇಡಿಕೆ ಇಳಿಯಿತು. ಕರೆಂಟ್ ಉಳಿಯಿತು.

ನೈತಿಕತೆಯ ಬಗ್ಗೆ ಪುಸ್ತಕಗಳಲ್ಲಿ ಬರುವ 'ಗುಂಡಿ ಒತ್ತುತ್ತೀಯಾ?' ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನಾನು ಬೇರೆಲ್ಲೂ ನೋಡಿಲ್ಲ. ತಮಗೆ ಹತ್ತಿರವೂ ಇಲ್ಲದ, ಹೆಸರೂ ಗೊತ್ತಿಲ್ಲದ ಯಾರದೋ ಮನೆಯ ಫ್ಯಾನ್ ನಿಲ್ಲದಿರಲಿ ಅಂತ ಜನ ಎದ್ದು ಹೋಗಿ ಸ್ವಿಚ್ ಆರಿಸಿದರು. ಹಾಗಾಗಿ ನಮ್ಮ ದಂಡೆಯವರ ಬಗ್ಗೆಯೂ ನನಗೆ ನಿರಾಶೆ ಇಲ್ಲ. ಗುಂಡಿ ಕಣ್ಣೆದುರು ಇದ್ದರೆ ನಮ್ಮಲ್ಲಿ ಹೆಚ್ಚಿನವರು ಒತ್ತುತ್ತೇವೆ. ತೊಂದರೆ ಏನೆಂದರೆ ಉಳಿದ 364 ದಿನ ಗುಂಡಿ ಕಾಣಲ್ಲ. ವಿಂಡ್‌ಸರ್ಫಿಂಗ್ ಮಾಡುವವರು 'ನಮ್ಮದು ಎಂಜಿನ್ ಇಲ್ಲದ ಆಟ' ಅಂತ ಬೀಗೋದುಂಟು. ನೀರಿನ ಮೇಲೆ ಎಂಜಿನ್ ಇಲ್ಲ, ನಿಜ. ಅದು ಪಾರ್ಕಿಂಗ್ ಲಾಟ್‌ನಲ್ಲಿರುತ್ತೆ. ಇಲ್ಲಿ ಗಾಳಿ ಕಮ್ಮಿ ಅನ್ನಿಸಿದರೆ ಡೆಲ್ಟಾದ ಶೆರ್ಮನ್ ಐಲ್ಯಾಂಡಿನವರೆಗೆ ದೊಡ್ಡ ವ್ಯಾನು ಓಡಿಸ್ತೀವಿ, ಚಳಿಗಾಲಕ್ಕೆ ಹವಾಯಿಗೆ ವಿಮಾನ ಹತ್ತುತ್ತೀವಿ.

ಇನ್ನೂ ಕಷ್ಟದ ಸಂಗತಿ ಬೇರೆ ಇದೆ. 1990ರಲ್ಲಿ ಆ್ಯಂಡ್ರೂ ಬೇಕನ್ ಅನ್ನುವ ಸಾಗರ ವಿಜ್ಞಾನಿ ಒಂದು ಊಹೆ ಮುಂದಿಟ್ಟರು. ಭೂಮಿ ಬಿಸಿಯಾದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತೆ, ವ್ಯತ್ಯಾಸ ಹೆಚ್ಚುತ್ತೆ, ಹಾಗಾಗಿ ಕ್ಯಾಲಿಫೋರ್ನಿಯಾದಂಥ ಕರಾವಳಿಗಳಲ್ಲಿ ಗಾಳಿ ಇನ್ನೂ ಜೋರಾಗಬಹುದು. ಎಲ್ಲ ಕರಾವಳಿಗಳಲ್ಲೂ ಅದು ಒಂದೇ ರೀತಿ ನಿಜವಾಗಿಲ್ಲ. ಇತ್ತ 2010ರ ಇನ್ನೊಂದು ಅಧ್ಯಯನ, ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಬೇಸಿಗೆಯ ಮಂಜು ಇಪ್ಪತ್ತನೇ ಶತಮಾನದ ಆರಂಭಕ್ಕಿಂತ ಮೂರನೇ ಒಂದರಷ್ಟು ಕಮ್ಮಿಯಾಗಿದೆ, ಕಡಲಿಗೂ ಒಳನಾಡಿಗೂ ಇರುವ ತಾಪದ ಅಂತರ ತಗ್ಗಿದೆ ಅಂತ ಹೇಳಿತು. ಒಂದು ನಮಗೆ ಹಬ್ಬ ಅನ್ನುತ್ತೆ, ಇನ್ನೊಂದು ಉಪವಾಸ. ವಾದಕ್ಕಾಗಿ ಬೇಕನ್ ಗೆದ್ದರು ಅಂದುಕೊಳ್ಳಿ. ಲೋಕಕ್ಕೆಲ್ಲ ಕೇಡಾಗಿ ನನಗೆ ಮಾತ್ರ ವಾರಕ್ಕೆ ಇನ್ನೊಂದು ದಿನ 20 ನಾಟ್ ಸಿಕ್ಕಿತು ಅಂದುಕೊಳ್ಳಿ. ಆ ದಿನ ನೀರಿಗೆ ಇಳಿಯಬಾರದಾ?

ಇಳಿಯಬೇಕು ಅಂತಲೇ ನನ್ನ ಮತ. ನಾನು ದಡದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತರೆ ಸ್ಟಾಕ್‌ಟನ್‌ನಲ್ಲಿ ಅರ್ಧ ಡಿಗ್ರಿಯೂ ಇಳಿಯಲ್ಲ. ಬಂದ ಗಾಳಿಯನ್ನು ಅನುಭವಿಸೋದು ಪಾಪ ಅನ್ನುವ ಮಾತು ನನಗೆ ಒಪ್ಪಿಗೆಯಾಗಲ್ಲ. ನಮ್ಮ ತಲೆಮಾರು ಈ ಪಾಪಪ್ರಜ್ಞೆಯನ್ನು ಇಂಗ್ಲಿಷಿನಿಂದ ಸಗಟಾಗಿ ಆಮದು ಮಾಡಿಕೊಂಡಿದೆ. ಬಾದಾಮಿ ತಿಂದರೆ ಗಿಲ್ಟ್, ಫ್ಲೈಟ್ ಹತ್ತಿದರೆ ಗಿಲ್ಟ್. ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೋಸ್ಟ್ ಹಾಕಿದರೆ ಅದು ಸಲೀಸಾಗಿ ಇಳಿದೂ ಹೋಗುತ್ತೆ. ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಪದ ಇದೆ: ಋಣ. ಅನ್ನದ ಋಣ, ನೀರಿನ ಋಣ ಅಂತೀವಿ. ಉಂಡವನು ತಪ್ಪು ಮಾಡಿದ ಅಂತ ಅದರ ಅರ್ಥವಲ್ಲ. ಉಂಡದ್ದು ಎಲ್ಲಿಂದ ಬಂತು ಅಂತ ಅವನಿಗೆ ಗೊತ್ತಿರಬೇಕು, ಮತ್ತು ಅದು ಕ್ಷಮೆ ಕೇಳಿ ಮುಗಿಯುವಂಥದ್ದಲ್ಲ, ತೀರಿಸುವಂಥದ್ದು. ಗಾಳಿಯ ಋಣ ಅಂತ ಹಿರಿಯರು ಯಾರೂ ಹೇಳಿದ್ದನ್ನು ಕೇಳಿಲ್ಲ. ಬಹುಶಃ ಗಾಳಿಗೆ ವಿಳಾಸ ಇರಲಿಲ್ಲ ಅಂತಿರಬೇಕು. ನಮ್ಮ ಗಾಳಿಗೆ ಪಿನ್‌ಕೋಡ್ ಸಮೇತ ವಿಳಾಸ ಇದೆ.

ತೀರಿಸೋದು ಹೇಗೆ ಅಂದರೆ ದೊಡ್ಡದೇನೂ ಹೊಳೆಯಲ್ಲ, ಸಣ್ಣವು ಇವೆ. 2024ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಚಾವಣಿಯ ಕೆಳಗಿನ ಕೆಲಸಕ್ಕೂ ಸೆಕೆಯ ನಿಯಮ ತಂದಿತು. ಗೋದಾಮು, ಅಡುಗೆಮನೆ, ಭಾವ ಇರುವಂಥ ಪ್ಯಾಕಿಂಗ್ ಘಟಕ, ಎಲ್ಲಕ್ಕೂ. 82 ಫ್ಯಾರನ್‌ಹೀಟ್ ಮುಟ್ಟಿದರೆ ಕುಡಿಯುವ ನೀರು, ತಣ್ಣಗೆ ಕೂತು ಸುಧಾರಿಸಿಕೊಳ್ಳುವ ಜಾಗ ಕೊಡಬೇಕು. ಇಂಥ ನಿಯಮದ ಕರಡು ಬಂದಾಗ ಸಾರ್ವಜನಿಕರು ಅಭಿಪ್ರಾಯ ಕಳಿಸಬಹುದು, ಕಳಿಸ್ತಾರೆ ಕೂಡ. ವಿರೋಧಿಸುವವರು ವಕೀಲರನ್ನಿಟ್ಟು ಕಳಿಸ್ತಾರೆ. ದಂಡೆಯಲ್ಲಿ ಒತ್ತಡದ ನಕ್ಷೆಯನ್ನು ಮಿಲಿಬಾರ್ ಮಟ್ಟಕ್ಕೆ ಓದಬಲ್ಲ ನಮ್ಮ ಮಂದಿಗೆ ಆ ಕಣಿವೆಯ ಸೆಕೆಯ ಬಗ್ಗೆ ಇರುವಷ್ಟು ಜ್ಞಾನ ಬೇರೆ ಎಷ್ಟು ಜನಕ್ಕಿದೆ? ಆ ಜ್ಞಾನವನ್ನೆಲ್ಲ ನಾವು ಬಳಸೋದು ಇವತ್ತು ದೊಡ್ಡ ಹಾಯಿಯೋ ಸಣ್ಣ ಹಾಯಿಯೋ ಅಂತ ತೀರ್ಮಾನಿಸುವುದಕ್ಕೆ.

ಭಾವನ ಘಟಕದಲ್ಲಿ ಈಗ ಒಂದು ತಂಪು ಕೋಣೆ ಬಂದಿದೆ. ಚಿಕ್ಕದು, ಎಂಟು ಜನ ಕೂರಬಹುದು, ಪಾಳಿಯಲ್ಲಿ ಕೂರ್ತಾರೆ ಅಂತ ಹೇಳಿದರು. ಅಕ್ಕನಿಗೆ ನಾನು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂದಿದ್ದೀನಿ. ಗಾಳಿ ಇಲ್ಲಿ ಎದ್ದ ನಾಲ್ಕೈದು ಗಂಟೆಗೆ ಅವಳ ಊರು ಮುಟ್ಟುತ್ತೆ ಅಂತ ನ್ಯಾಪ್‌ಕಿನ್ ಪಾಠದಲ್ಲಿ ಕಲಿತ ಅವಳು, ಬಿಸಿಲು ಏರಿದ ದಿನ ಮಧ್ಯಾಹ್ನವೇ ವಾಟ್ಸ್ಆ್ಯಪ್‌ನಲ್ಲಿ ಒಂದೇ ಪದ ಕಳಿಸ್ತಾಳೆ: "ಹೊರಟಿತಾ?" ನಾನು ದಂಡೆಯಿಂದ ಬಾವುಟದ ಫೋಟೋ ಕಳಿಸ್ತೀನಿ. ಬಾವುಟ ಪಟಪಟಿಸುತ್ತಿದ್ದರೆ ಅವಳು ರಾತ್ರಿ ಮಕ್ಕಳನ್ನು ಮೇಲಿನ ರೂಮಿನಲ್ಲಿ ಕಿಟಕಿ ತೆರೆದು ಮಲಗಿಸ್ತಾಳೆ, ಪಕ್ಕದ ಮನೆಯ ಅಜ್ಜಿಗೂ ಹೇಳ್ತಾಳೆ. ಗುಮ್ಮಟ ಕೂತ ವಾರಗಳಲ್ಲಿ ದಿನಾ ಅದೇ ಪ್ರಶ್ನೆ ಬರುತ್ತೆ, ನಾನು ಕಂಬಕ್ಕೆ ಜೋತುಬಿದ್ದ ಬಾವುಟದ ಫೋಟೋ ತೆಗೆದು, ಕೆಳಗೆ "ಇನ್ನೂ ಇಲ್ಲ ಅಕ್ಕ" ಅಂತ ಬರೆದು ಕಳಿಸ್ತೀನಿ.